ಅವ್ವ ಅಂಕಿತ ಹುಡುಕಿದ್ದು

ಹಂಪಿಯ ಸುತ್ತ ಹುಟ್ಟಿದ ನಮಗೆಲ್ಲ ಒಂದು ಕಾಯಿಲೆಯಿದೆ. ‘ಗೊತ್ತಿಲ್ಲ’ ಎಂಬ ಮಾತು ನಮ್ಮ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ. ಪರವೂರಿನ ನೆಂಟರನ್ನು ಹಂಪಿಗೆ ಕರೆದೊಯ್ಯುವುದು ಹೊಸಪೇಟೆಯ ಗೃಹಸ್ಥನಾದವನಿಗೆ ತಪ್ಪದ ಕರ್ಮ. ಅಲ್ಲಿ ಅವರು ಯಾವುದೋ ಮುರುಕು ಮಂಟಪದತ್ತ ಬೆರಳು ಮಾಡಿ ಇದನ್ನು ಕಟ್ಟಿಸಿದ್ದು ಯಾರು ಎಂದರೆ ನಾನು ಕಣ್ಣು ಮಿಟುಕಿಸದೆ ಒಬ್ಬ ರಾಜನ ಹೆಸರು ಹೇಳಿಬಿಡುತ್ತೇನೆ. ಅವನಲ್ಲದಿದ್ದರೆ ಅವನ ತಮ್ಮ ಕಟ್ಟಿಸಿದ್ದಾನು. ಕಲ್ಲಂತೂ ನಮ್ಮದೇ ತಾನೇ? ಪಂಪ್‌ಸೆಟ್ಟಿನ ಬಿಡಿಭಾಗ ಮಾರುವ ನನ್ನಂಥವನಿಗೆ ಸಾಮ್ರಾಜ್ಯದಲ್ಲಿ ಇದಕ್ಕಿಂತ ದೊಡ್ಡ ಪಾಲು ಸಿಗುವುದು ಕಷ್ಟ.

ಇಂಥ ನಾನು ಕಳೆದ ವರ್ಷ ಒಂದು ಪ್ರಶ್ನೆಯ ಮುಂದೆ ಬಾಯಿ ಕಟ್ಟಿ ಕೂತೆ. ಕೇಳಿದವಳು ನಮ್ಮವ್ವ.

ನಡೆದದ್ದಿಷ್ಟು. ನನ್ನ ಮಗಳು ಕಾವ್ಯ ತೋರಣಗಲ್ಲಿನ ಕಡೆ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಅದಿರು ಪರೀಕ್ಷಿಸುವ ಕೆಲಸದಲ್ಲಿದ್ದಾಳೆ. ಜೊತೆಯಲ್ಲಿ ಕೆಲಸ ಮಾಡುವ ಡೇನಿಯಲ್ ಎಂಬ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಹುಡುಗ ಕುರೆಕುಪ್ಪದವನು, ಅವನ ತಂದೆ ಜೀವರತ್ನಪ್ಪನವರು ಅಲ್ಲಿನ ಒಂದು ಪುಟ್ಟ ಚರ್ಚಿನ ಪಾಸ್ಟರು. ನಾನೂ ನನ್ನ ಹೆಂಡತಿಯೂ ಎರಡು ಹೊತ್ತು ಮೌನವಾಗಿ ಉಂಡು, ಮೂರನೆಯ ಹೊತ್ತಿಗೆ ಒಪ್ಪಿಕೊಂಡೆವು. ಆದರೆ ನಮ್ಮ ಮನೆಯಲ್ಲಿ ಅವ್ವ ತಲೆಯಾಡಿಸದೆ ಹುಲ್ಲುಕಡ್ಡಿಯೂ ಅಲುಗುವುದಿಲ್ಲ. ಸಾಲದ್ದಕ್ಕೆ ಕಾವ್ಯಳೇ ಹೇಳಿಬಿಟ್ಟಿದ್ದಳು: “ಅಜ್ಜಿ ಒಲ್ಲೆ ಅಂದ್ರ ಮುಗೀತಪ್ಪ. ಆಕಿ ಮನಸ್ಸು ನೋಯಿಸಿ ನಾನು ಮದುವಿ ಆಗಂಗಿಲ್ಲ.”

ಅವ್ವ ಎಲ್ಲವನ್ನೂ ಕೇಳಿಸಿಕೊಂಡು ವೀಳ್ಯದೆಲೆಯ ನಾರು ತೆಗೆಯುತ್ತಾ ಒಂದೇ ಮಾತು ಕೇಳಿದಳು: “ಅವರು ಓದೋ ಪುಸ್ತಕ ಯಾರು ಬರದಾರ?”

ನಮ್ಮ ಮೂಲದ ಊರು ಕಂಪ್ಲಿಯ ಕಡೆ ಸಂಬಂಧ ಕೂಡಿಸುವಾಗ ವಿಚಾರಣೆ ಬಲು ಜೋರು. ಮನೆದೇವರು ಯಾವುದು, ಯಾವ ಮಠದವರು, ಬೆಡಗು ಅಂದರೆ ವಂಶದ ಬಳ್ಳಿ ಯಾವುದು ಎಂದು ಶುರುವಾಗಿ ಹುಡುಗನ ಸೋದರತ್ತೆಯ ನಾದಿನಿ ಯಾರೊಡನೆ ಜಗಳವಾಡಿದ್ದಳು ಎಂಬಲ್ಲಿಗೆ ಮುಗಿಯುತ್ತದೆ. ಕುರೆಕುಪ್ಪದ ಪಾಸ್ಟರ ಮನೆಗೆ ಈ ಯಾವ ಪ್ರಶ್ನೆಯೂ ಒಗ್ಗುವಂತಿರಲಿಲ್ಲ. ಹಾಗಾಗಿ ಅವ್ವ ಮನೆಯವರನ್ನು ಬಿಟ್ಟು ಮನೆಯ ಪುಸ್ತಕದ ಬೆಡಗು ಕೇಳುತ್ತಿದ್ದಾಳೆ ಎಂದು ನಾನು ತಿಳಿದೆ. ಋಷಿಮೂಲ ನದೀಮೂಲ ಹುಡುಕಬಾರದು ಅಂತಾರಲ್ಲವ್ವಾ ಎಂದು ತಪ್ಪಿಸಿಕೊಳ್ಳಲು ನೋಡಿದೆ. “ಹುಡುಕಿದ್ರ ಏನಾತು? ನಮ್ಮ ಹೊಳಿಗೆ ಎರಡು ಮೂಲ ಐತಿ. ತುಂಗಾ ಒಂದು, ಭದ್ರಾ ಒಂದು. ಅದು ಎಲ್ಲರಿಗೂ ಗೊತ್ತೈತಿ, ಹೊಳಿಗೇನು ಮಾನ ಹೋತೇನು?” ಎಂದಳು. ಕಂಪ್ಲಿಯ ಹೊಳೆದಂಡೆಯಲ್ಲಿ ಬಾಳಿದವಳೊಡನೆ ನದಿಯ ಗಾದೆ ಆಡಬಾರದು.

ಡೇನಿಯಲ್ ಒಂದು ಕನ್ನಡ ಬೈಬಲ್ ಕಳಿಸಿಕೊಟ್ಟ. ಮನೆಗೆ ಬಂದ ಹೊಸ ವಸ್ತು ಮಿಕ್ಸರಾಗಲಿ ಫ್ರಿಜ್ಜಾಗಲಿ ಅದಕ್ಕೆ ಮೂರು ಗೆರೆ ವಿಭೂತಿ ಬಳಿಯುವುದು ಅವ್ವನ ಪದ್ಧತಿ, ಬೈಬಲ್ಲಿಗೂ ಬಳಿದಳು. ಆಮೇಲೆ ಕನ್ನಡಕ ಏರಿಸಿ ಓದಲು ಕೂತಳು. ಆದರೆ ಅವಳು ಓದಿದ್ದು ಪ್ರತಿ ಭಾಗದ ಕೊನೆಯ ಪುಟ ಮಾತ್ರ! ಕಾರಣ ಹೊಳೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅವ್ವ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ವಚನ ಓದುವವಳು. ವಚನದ ಕೊನೆಯಲ್ಲಿ ಬರುವ ದೇವರ ಹೆಸರು ನೋಡಿ ಇದು ಇಂಥ ಶರಣರದು ಎಂದು ಹೇಳುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಅದೇ ಅಂಕಿತವನ್ನು ಅವಳು ಬೈಬಲ್ಲಿನಲ್ಲಿ ಹುಡುಕುತ್ತಿದ್ದಳು.

ಕೊನೆಯ ಪುಟದಿಂದ ಓದುವವರಿಗೆ ಬೇರೆಯೇ ಸಂಗತಿಗಳು ಕಾಣುತ್ತವೆ. ಮೊದಲ ಐದು ಪುಸ್ತಕಗಳನ್ನು ಮೋಶೆ ಎಂಬ ಹಿರಿಯ ಬರೆದನೆಂದು ನಂಬಿಕೆ ಎಂದು ನಾನು ಫೋನು ನೋಡಿ ಹೇಳಿದ್ದೆ. ಅವ್ವ ಐದನೆಯದರ ಕೊನೆಗೆ ಬೆರಳಿಟ್ಟು, “ಇಲ್ಲಿ ಅವನು ಸತ್ತಾನಲೋ. ಮಣ್ಣೂ ಮಾಡ್ಯಾರ. ತನ್ನ ಸಾವು ತಾನ ಹೆಂಗ ಬರದಾನು?” ಎಂದಳು. ನಾನು ಮತ್ತೆ ಫೋನಿಗೆ ಶರಣಾದೆ. ಯೇಸುವಿನ ಕಥೆ ಹೇಳುವ ನಾಲ್ಕು ಪುಸ್ತಕಗಳ ತುದಿಯಲ್ಲಿ ಅವಳಿಗೆ ಅಂಕಿತ ಸಿಗಲಿಲ್ಲ. “ಹೆಸರೆಲ್ಲಾ ನೆತ್ತಿಮ್ಯಾಲ ಐತಿ, ಒಡಲಾಗ ಇಲ್ಲ,” ಎಂದು ಷರಾ ಬರೆದಳು. ಅವುಗಳ ಮುಂದೆ ಬರುವ ಪತ್ರಗಳಲ್ಲಿ ಒಂದರ ಕೊನೆಯಲ್ಲಿ ಮಾತ್ರ, ಹೇಳಿದ್ದನ್ನು ಬರೆದುಕೊಂಡ ಲಿಪಿಕಾರ ತನ್ನ ಹೆಸರು ಹೇಳಿ ನಮಸ್ಕಾರ ತಿಳಿಸಿದ್ದಾನೆ. ಅದು ಸಿಕ್ಕ ದಿನ ಅವ್ವ ಮನೆಮಂದಿಯನ್ನೆಲ್ಲ ಕರೆದು ತೋರಿಸಿದಳು.

ಇತ್ತ ನಾನೂ ಸುಮ್ಮನಿರಲಿಲ್ಲ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಓದಿದೆ. ಬೈಬಲ್ ಒಂದು ಪುಸ್ತಕವಲ್ಲ, ಪುಸ್ತಕಗಳ ಕಪಾಟು. ಹಳೆಯ ಭಾಗ ಬಹುಪಾಲು ಹೀಬ್ರೂ ಭಾಷೆಯದು, ಹೊಸದು ಗ್ರೀಕಿನದು. ಯೇಸು ಒಂದು ಪುಸ್ತಕವನ್ನೂ ಬರೆಯಲಿಲ್ಲ. ಒಮ್ಮೆ ನೆಲದ ಮೇಲೆ ಬೆರಳಲ್ಲಿ ಏನೋ ಬರೆದನಂತೆ, ಏನೆಂದು ಯಾರೂ ಹೇಳಿಲ್ಲ. ಶಿಷ್ಯರ ಬಾಯಲ್ಲಿದ್ದ ಕಥೆ ಬರಹಕ್ಕೆ ಇಳಿದದ್ದು ಕೆಲವು ದಶಕಗಳ ಮೇಲೆ. ಇಷ್ಟೆಲ್ಲ ಓದುತ್ತಿದ್ದಾಗ ಒಂದು ಸಾಲು ಕಂಡು ನಾನು ಕುರ್ಚಿಯಿಂದ ಎದ್ದೇ ನಿಂತೆ. ಈ ಗ್ರಂಥ ಕನ್ನಡಕ್ಕೆ ಇಳಿದದ್ದು ಇನ್ನೂರು ವರ್ಷಗಳ ಹಿಂದೆ, ನಮ್ಮ ಬಳ್ಳಾರಿಯಲ್ಲಿ! ಮಿಷನರಿಗಳು ಬಳ್ಳಾರಿಯ ಬಿಸಿಲಲ್ಲಿ ಬೆವರು ಒರೆಸುತ್ತಾ ಕನ್ನಡ ಕಲಿತು ಮಾಡಿದ ಕೆಲಸವಂತೆ. ಅದಕ್ಕೂ ಮೊದಲು, ಚದುರಿಹೋಗಿದ್ದ ವಚನಗಳನ್ನು ಹುಡುಕಿ ಜೋಡಿಸುವ ಕೆಲಸ ಭರದಿಂದ ನಡೆದದ್ದು ವಿಜಯನಗರದ ಅರಸರ ಕಾಲದಲ್ಲಿ. ಅವ್ವನ ಗ್ರಂಥ ಹಂಪಿಯ ಕಡೆ, ಅಳಿಯನ ಗ್ರಂಥ ಬಳ್ಳಾರಿಯ ಕಡೆ. ಇನ್ನೇನು ಬೇಕು? ಆ ದಿನ ಬಂದ ಗಿರಾಕಿಗಳಿಗೆಲ್ಲ ಬೇರಿಂಗಿನ ಜೊತೆ ಈ ಸಂಗತಿಯನ್ನೂ ಕಟ್ಟಿಕೊಟ್ಟೆ.

ಒಂದು ಶನಿವಾರ ಬೀಗರು ಬಂದರು. ಹುಡುಗ ಬಂದ, ಅವನ ತಾಯಿ ಬಂದರು, ಜೊತೆಗೆ ಬಿಳಿ ಅಂಗಿಯ ಜೀವರತ್ನಪ್ಪನವರು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಹೊರಬಂದವು. ಬೈಬಲ್ ಮುಂದಿನ ಮೇಜಿನ ಮೇಲೆಯೇ ಇತ್ತು. ರಟ್ಟಿನ ಮೇಲಿನ ವಿಭೂತಿ ಪಾಸ್ಟರ ಕಣ್ಣಿಗೆ ಬಿದ್ದದ್ದನ್ನು ನಾನು ನೋಡಿದೆ. ಮಿರ್ಚಿಯ ತಟ್ಟೆಯನ್ನು ಅವರತ್ತ ಸರಿಸಿದೆ. ಅವರು ನಕ್ಕು, “ಒಳ್ಳೆ ಜಾಗದಾಗ ಇಟ್ಟೀರಿ,” ಎಂದರು. ನಾನು ಬಳ್ಳಾರಿಯ ಸಂಗತಿ ಶುರು ಮಾಡಬೇಕೆನ್ನುವಷ್ಟರಲ್ಲಿ ಅವ್ವ ಅಡ್ಡ ಬಂದಳು.

“ನೀವು ತಿಳಿದೋರು ಅದೀರಿ. ಯೇಸುನ ಕಥಿ ಹೇಳೋ ಈ ನಾಲ್ಕು ಯಾರು ಬರದಾರ? ಅಂಕಿತಾನ ಇಲ್ಲಲ್ಲರಿ.”

ಕಾವ್ಯ ಅಡುಗೆಮನೆಯ ಬಾಗಿಲಿಗೆ ಆತು ನಿಂತಿದ್ದಳು. ಅವಳ ಮುಖ ನೋಡಲಾಗದೆ ನಾನು ಫ್ಯಾನು ನೋಡಿದೆ.

ಪಾಸ್ಟರು ತಟ್ಟೆ ಕೆಳಗಿಟ್ಟರು. “ಖರೇ ಅವ್ವಾರ, ಒಳಗ ಹೆಸರಿಲ್ಲ. ಆಮ್ಯಾಲಿನ ಹಿರಿಯರು ಇಂಥವರು ಬರದಾರ ಅಂತ ಹೇಳಿಕೋತ ಬಂದ್ರು, ಹೆಸರು ನಿಂತುವು. ಓದಿಕೊಂಡೋರು ಹೌದು ಅಲ್ಲ ಅಂತ ಇವತ್ತಿಗೂ ವಾದ ಮಾಡ್ತಾರ.”

“ಮತ್ತ ಈ ಮೋಶೆ ಅನ್ನೋ ಹಿರಿಯ ತನ್ನ ಸಾವು ತಾನ ಬರಕೊಂಡಾನಲ್ಲರಿ?”

“ಅಷ್ಟು ಭಾಗ ಬ್ಯಾರೆ ಯಾರೋ ಸೇರಿಸಿರಬೇಕು ಅಂತಾರ. ಭಾಳ ಮಂದಿ ಕೈಯಾಗ ಬೆಳದ ಪುಸ್ತಕ ಅಂತನೂ ಅಂತಾರ.”

ಅವ್ವ ಪುಟ ತಿರುವಿ ಇಬ್ರಿಯರಿಗೆ ಬರೆದ ಪತ್ರ ತೆಗೆದಳು. “ಇದು?”

“ಅದು ನನಗ ಗೊತ್ತಿಲ್ಲರಿ. ಯಾರಿಗೂ ಗೊತ್ತಿಲ್ಲ,” ಎಂದರು ಅವರು, ಎಳ್ಳಷ್ಟೂ ಮುಜುಗರವಿಲ್ಲದೆ. “ದೇವರು ಬರಸ್ಯಾನ ಅಂತ ನಾನು ನಂಬೀನಿ. ನಂಬೋದು ಬ್ಯಾರೆ, ಗೊತ್ತಿರೋದು ಬ್ಯಾರೆ.” ಆಮೇಲೆ ತಾವೇ ಕೇಳಿದರು: “ನಿಮ್ಮ ವಚನ ಎಲ್ಲಾ ಆಯಾ ಅಂಕಿತದವರದೇ ಏನ್ರಿ?”

ಅವ್ವ ಜೋರಾಗಿ ನಕ್ಕಳು. “ಎಲ್ಲೀದು ತಗೀರಿ! ಒಬ್ಬರದು ಇನ್ನೊಬ್ಬರ ಅಂಕಿತದಾಗ ಕುಂತಾವು. ಹಿಂದಾಗಡಿಯವರು ಬರದು ಸೇರಿಸಿದ್ದೂ ಅದಾವು. ಕುಂದ್ರಿ, ಕುಂದ್ರಿ, ಊಟ ಮಾಡಿಕೊಂಡ ಹೋಗ್ರಿ.” ಹೊರಡುವ ಹೊತ್ತಿಗೆ ಡೇನಿಯಲ್ಲನ ತಾಯಿಗೆ ಉಡಿ ತುಂಬಿದಳು. ನಮ್ಮಲ್ಲಿ ಅದಕ್ಕಿಂತ ಸ್ಪಷ್ಟವಾಗಿ ಯಾರೂ ಹೂಂ ಅನ್ನುವುದಿಲ್ಲ. ಕಾವ್ಯ ಒಳಗೆ ಓಡಿಹೋಗಿ ಅತ್ತಳು.

ಅವರು ಹೋದ ಮೇಲೆ ಅವ್ವನನ್ನು ಕೆಣಕಿದೆ. ಇಷ್ಟು ದಿನ ಅಂಕಿತ ಅಂಕಿತ ಅಂದಿ, ಕಡೆಗೂ ಸಿಗಲಿಲ್ಲ, ಹೆಂಗ ಒಪ್ಪಿದಿ ಎಂದೆ.

“ಪುಸ್ತಕ ಯಾರು ಬರದ್ರ ನನಗೇನಾಗಬೇಕಲೇ? ಕೇಳಿದ್ರ ಆ ಮನಿಯವರಿಗೆ ಸಿಟ್ಟು ಬರತೈತೋ ಇಲ್ಲೋ ನೋಡಬೇಕಿತ್ತು. ಸೊಸಿ ಆಗಿ ಹೋಗೋ ಹುಡುಗಿ ದಿನಾ ಏನಾರ ಕೇಳತಾಳ.” ಎಲೆಯಡಿಕೆಯ ತಟ್ಟೆ ಹತ್ತಿರ ಎಳೆದುಕೊಂಡು ಮುಂದುವರಿಸಿದಳು. “ನಾನು ಈ ಮನಿಗೆ ಬಂದ ಹೊಸದಾಗ ನಿಮ್ಮಜ್ಜ ಊಟಕ್ಕ ಕುಂತು ಒಂದು ವಚನ ಅಂದ. ಯಾರದು ಮಾವಾರ ಅಂತ ಕೇಳಿದೆ. ತಾಟು ಸರಿಸಿ ಎದ್ದು ಹೋದ. ಹೆಂಗಸು ಕೇಳಬಾರದಿತ್ತಂತ. ಕೇಳಿದ್ರ ಹೇಳೋರಿಲ್ಲ ಅಂತ ತಿಳೀತು. ಬಾಜೂಮನಿ ಹುಡುಗಿ ಸಾಲಿಂದ ಬಂದಾಗ ಆಕಿ ಕಡಿಂದ ಅಕ್ಷರ ಕಲತೆ. ಕಾವ್ಯಾಗ ಅಷ್ಟು ತ್ರಾಸ ಬ್ಯಾಡ.”

ಕಂಪ್ಲಿಯ ನಮ್ಮ ಮನೆಯಲ್ಲಿ ಆ ಕಾಲಕ್ಕೇ ಹೆಂಗಸರೂ ವಚನ ಓದುತ್ತಿದ್ದರು, ನಮ್ಮಜ್ಜ ಅಂಥ ದೊಡ್ಡ ಮನುಷ್ಯ ಎಂದು ಸಂಡೂರಿನ ನೆಂಟರ ಮುಂದೆ ಎಷ್ಟು ಸಲ ಎದೆಯುಬ್ಬಿಸಿ ಹೇಳಿದ್ದೆನೋ. ಆ ಹೆಮ್ಮೆಯಲ್ಲಿ ತಪ್ಪೇನೂ ಇರಲಿಲ್ಲ, ಇವತ್ತಿಗೂ ಹೇಳುತ್ತೇನೆ. ಕರ್ತೃವಿನ ಹೆಸರನ್ನು ಮಾತ್ರ ಈಗ ತಿದ್ದಿಕೊಂಡಿದ್ದೇನೆ.