ಹುಳಿ ಮಣ್ಣು

ಸಂಘಮಿತ್ರಾ ಟೀಚರ್ ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಾಳೆ ಎಂದು ಐನಾಪುರದ ಶಾಲೆಯಲ್ಲಿ ನಾಲ್ಕನೇ ತರಗತಿಯ ಮಕ್ಕಳೂ ನಗುತ್ತಾರೆ. ಹಾಜರಿ ಕೂಗುತ್ತಲೇ ಬಿಸಿಯೂಟದ ಕೋಣೆಗೆ ಇಣುಕಬೇಕು, ಅಲ್ಲಿಂದ ನಲ್ಲಿ ನೋಡಲು ಓಡಬೇಕು. "ಬಸ್ಸಿನ್ಯಾಗ ಹುಟ್ಟಿದವಳಂಗ ಮಾಡ್ತಿ. ಒಂದ್ ಗಳಿಗಿ ಕುಂತ್ರ ಏನ್ ಗಂಟು ಹೋಗ್ತದ?" ಎಂದು ತೆಂಗಳಿಯಲ್ಲಿರುವ ಅವ್ವ ಅನಸುಬಾಯಿ ಬೈದು ಬೈದು ಸೋತಿದ್ದಾಳೆ.

ಮಣ್ಣಿನ ಪಾಠ ಬಂದಾಗ ಆ ಚಕ್ರಕ್ಕೆ ಎಣ್ಣೆ ಬಿಟ್ಟಂತಾಯಿತು. ಚಿತ್ತಾಪುರದ ಕರಿ ಎರೆಮಣ್ಣು, ಶಹಾಬಾದಿನ ಕಲ್ಲಿನ ಹುಡಿ, ಚಿಂಚೋಳಿ ಗುಡ್ಡದ ಕೆಂಪು ಮಣ್ಣು, ಎಲ್ಲವನ್ನೂ ಬಾಟಲಿಗೆ ತುಂಬಿ ಕಿಟಕಿಯಲ್ಲಿ ಸಾಲಾಗಿ ಇಟ್ಟಳು. ವಾರ ಕಳೆದ ಮೇಲೆ ಪಾಠ ಓದಿಸಿ, ಮಣ್ಣು ನೆನೆಸಿ ಮಕ್ಕಳ ಕೈಗೆ ಕೊಟ್ಟು, ಮುಟ್ಟಿ ನೋಡಿ, ಮೂಸಿ ನೋಡಿ, ಹೇಗಿದೆ ಹೇಳಿ ಎಂದಳು.

"ಕರಿದು ಜಿಗಟ್ ಅದರಿ."

"ಕೆಂಪಂದು ಒರಟ್ ಅದರಿ."

ಮೂಲೆಯಲ್ಲಿದ್ದ ಭಾಗ್ಯಜ್ಯೋತಿ ಎದ್ದು ನಿಂತಳು. "ಕೆಂಪಂದು ಹುಳಿ ಅದರಿ. ಕರಿದು ಸಪ್ಪಗದ."

ಮಕ್ಕಳು ಹೋ ಎಂದು ನಕ್ಕರು. ಸಂಘಮಿತ್ರಾಳೂ ನಗುತ್ತಲೇ ಹಲಗೆಯ ಮೇಲೆ ಬರೆಯತೊಡಗಿದಳು. ಅರ್ಧ ಬರೆದಾಗ ಕೈ ನಿಂತಿತು. ಮುಟ್ಟಿ ನೋಡಿ, ಮೂಸಿ ನೋಡಿ ಎಂದಿದ್ದಳೇ ಹೊರತು ನೆಕ್ಕಿ ನೋಡಿ ಎಂದಿರಲಿಲ್ಲ. ಕಿಟಕಿಯತ್ತ ನೋಡಿದಳು. ಕೆಂಪು ಮಣ್ಣಿನ ಬಾಟಲಿ ಅರ್ಧಕ್ಕಿಳಿದಿತ್ತು. ಇಷ್ಟು ದಿನ ಇಲಿ ಚೆಲ್ಲುತ್ತಿದೆ ಎಂದುಕೊಂಡಿದ್ದಳು.

ಊಟದ ಹೊತ್ತಿಗೆ ಹುಡುಗಿಯ ಕೆಳರೆಪ್ಪೆ ಎಳೆದು ನೋಡಿದಳು. ಒಳಗೆ ಬರೀ ಬಿಳಿ.

"ಅವ್ವಗ ಹೇಳಬ್ಯಾಡ್ರಿ ಟೀಚರ್, ಹೊಡಿತಾಳ."

ಹೇಳದೆ ಹೇಗಿರುವುದು? ಸಂಜೆ ಮನೆಗೆ ಹೋಗಿ ಹೇಳಿದಳು. ಆಗಷ್ಟೇ ಕಳೆ ಕೆಲಸದಿಂದ ಬಂದಿದ್ದ ದ್ರೌಪದಿ ಕೇಳಿದ್ದೇ ತಡ, ಮಗಳ ಮೇಲೆ ಕೈ ಎತ್ತಿದಳು. ಸಂಘಮಿತ್ರಾ ಆ ಕೈ ಹಿಡಿದುಕೊಂಡಳು.

"ನಾನೂ ತಿಂದೀನಿ ಅಕ್ಕಾ. ಬಸುರಿದ್ದಾಗ, ಗ್ವಾಡಿ ಮಣ್ಣು."

ದ್ರೌಪದಿಯ ಕೈ ಸಡಿಲಾಯಿತು. "ಯಾರ್ ತಿಂದಿಲ್ಲ ಬಿಡ್ರಿ," ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ಮರುದಿನ ಮೂವರೂ ಚಂದಾಪುರದ ಆಸ್ಪತ್ರೆಗೆ ಹೋದರು. ನರ್ಸ್ ಸರ್ವರಬೇಗಂ ರಕ್ತದ ಚೀಟಿ ನೋಡಿ ಹುಬ್ಬು ಗಂಟಿಕ್ಕಿದಳು. "ರಕ್ತ ಭಾಳ ಕಡಿಮಿ ಅದ. ಅದಕ್ಕೇ ಮಣ್ಣು ಬೇಡತದ. ಶಾಲ್ಯಾಗ ಸೋಮವಾರಕ್ಕೊಮ್ಮಿ ಕಬ್ಬಿಣದ ಗುಳಿಗಿ ಕೊಡ್ತೀರಲ್ಲ, ನುಂಗ್ತಾಳೇನು?"

"ಕೊಡ್ತೀನಲ್ಲ!"

"ಕೊಡ್ತೀರಿ ಖರೆ. ನುಂಗ್ತಾಳೇನ್ರಿ?"

ಆ ಪ್ರಶ್ನೆ ರಾತ್ರಿಯಿಡೀ ಮಗ್ಗುಲಲ್ಲಿ ಮುಳ್ಳಿನಂತೆ ಚುಚ್ಚಿತು. ಬೆಳಗ್ಗೆ ಎರೆಹುಳ ಹುಡುಕುವ ಚಟುವಟಿಕೆ ಇತ್ತು. ಶಾಲೆಯ ಅಂಗಳದ ಬೇವಿನ ಬುಡದಲ್ಲಿ ಕುರ್ಪಿಯಿಂದ ಮಣ್ಣು ಕೆದಕಿದ್ದೇ ತಡ ಮಕ್ಕಳು ಚೀರಿದರು. ಹುಳ ಬಂದಿರಲಿಲ್ಲ. ಮಣ್ಣಿನೊಳಗಿಂದ ಗುಲಾಬಿ ಬಣ್ಣದ ಗುಳಿಗೆಗಳು ಬಂದಿದ್ದವು. ಕೆಲವು ಗಟ್ಟಿ, ಕೆಲವು ಕರಗಿ ಬರೀ ಬಣ್ಣ. ಭಾಗ್ಯಜ್ಯೋತಿ ತಲೆ ಬಗ್ಗಿಸಿ ನಿಂತಳು.

ಸಂಘಮಿತ್ರಾಳಿಗೆ ಮೊದಲು ಸಿಟ್ಟು ಬಂತು. ಬೈಯಲು ಬಾಯಿಯನ್ನೂ ತೆರೆದಳು. ಆಗ ತನ್ನ ಸೋಮವಾರಗಳು ಕಣ್ಣ ಮುಂದೆ ಬಂದವು. ಮಕ್ಕಳ ಅಂಗೈಗೆ ಗುಳಿಗೆ ಹಾಕುವಾಗಲೇ ಒಂದು ಕಾಲು ಹೊಸ್ತಿಲಾಚೆ. ಯಾರು ನುಂಗಿದರು, ಯಾರು ಬಿಟ್ಟರು, ಒಮ್ಮೆಯೂ ತಿರುಗಿ ನೋಡಿದವಳಲ್ಲ. ತೆರೆದ ಬಾಯಿ ಮುಚ್ಚಿ, ಗಟ್ಟಿ ಉಳಿದ ಗುಳಿಗೆಗಳನ್ನು ಒಂದೊಂದಾಗಿ ಆರಿಸತೊಡಗಿದಳು.

ಮುಂದಿನ ಸೋಮವಾರ ಊಟವಾದ ಮೇಲೆ ಸಂಘಮಿತ್ರಾ ಎಲ್ಲರಿಗೂ ಗುಳಿಗೆ ಹಂಚಿ, ಭಾಗ್ಯಜ್ಯೋತಿಯ ಪಕ್ಕ ನೆಲದ ಮೇಲೆ ಕುಳಿತಳು. ಫೋನು ಬಡಿದುಕೊಂಡಿತು. ಹೆಡ್‌ಮಾಸ್ತರರು ಬಾಗಿಲಿಂದ ಕರೆದರು. ತನ್ನಷ್ಟಕ್ಕೆ ಕುಣಿಯುತ್ತಿದ್ದ ಮೊಣಕಾಲನ್ನು ಒತ್ತಿ ಹಿಡಿದಳು.

"ನೀವು ಹೋಗ್ರಿ ಟೀಚರ್," ಎಂದಳು ಭಾಗ್ಯಜ್ಯೋತಿ, ಬಹಳ ಮರ್ಯಾದೆಯಿಂದ. "ನಿಮಗ ಕೆಲಸ ಇರ್ತಾವ."

"ಇದೇ ಕೆಲಸ. ನುಂಗು."

ಹುಡುಗಿ ಮೂಗು ಹಿಡಿದು, ಕಣ್ಣು ಮುಚ್ಚಿ ನುಂಗಿದಳು. ನೀರು ಕುಡಿದಳು. ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಿದಳು. ಸಂಘಮಿತ್ರಾ ಏಳಲು ನೆಲಕ್ಕೆ ಕೈ ಊರಿದಳು.

ಭಾಗ್ಯಜ್ಯೋತಿ ಅವಳ ಸೆರಗು ಜಗ್ಗಿದಳು.

"ಏಳಬ್ಯಾಡ್ರಿ. ಈಗ ಸಾಯಿಕುಮಾರನ ಬಾಜೂ ಕುಂದ್ರಿ. ಅವನೂ ಹೂಳ್ತಾನ."

ಸಾಯಿಕುಮಾರ ಮುಷ್ಟಿಯನ್ನು ಬೆನ್ನ ಹಿಂದೆ ಸರಿಸಿದ. ಅವನಾಚೆ ಸಾಲಿನುದ್ದಕ್ಕೂ ಮುಷ್ಟಿಗಳು ಮುಚ್ಚಿಯೇ ಇದ್ದವು. ಸಂಘಮಿತ್ರಾ ಏಳಲಿಲ್ಲ, ಕುಳಿತಲ್ಲಿಂದಲೇ ಪಕ್ಕಕ್ಕೆ ಸರಿದಳು.