ಬ್ರಹ್ಮಾವರದ ಚೀಟಿ

ಅತ್ತಿಗೆ ಮೊಂಬಾಸಾಕ್ಕೆ ಹೋಗದ ಹಾಗೆ ಮಾಡಿದವಳು ನಾನು. ಕಚೇರಿಯವರಲ್ಲ, ಏಜೆಂಟರಲ್ಲ, ಅವರ ಹಣೆಬರಹವೂ ಅಲ್ಲ — ನಾನು. ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ‘ಸುಳ್ಳು ಹೇಳಬಾರದು’ ಎಂದು ಕಾಪಿ ಬರೆಸಿದ ಟೀಚರಮ್ಮನಿಗೆ ಇದನ್ನು ಒಪ್ಪಿಕೊಳ್ಳಲು ಇಷ್ಟು ಕಾಲ ಬೇಕಾಯಿತು. ನಗುವವರು ನಗಲಿ.

ದೊಡ್ಡ ಯುದ್ಧ ಆಗಷ್ಟೇ ಮುಗಿದಿತ್ತು. ನಮ್ಮ ಮನೆ ಬೈಂದೂರಿನ ಹತ್ತಿರ, ಯಡ್ತರೆಯಲ್ಲಿ. ಅಣ್ಣ ವಿನಾಯಕ ಮೊಂಬಾಸಾದಲ್ಲಿ, ನಮ್ಮ ಕಡೆಯ ಹಂಚು ಇಳಿಸುವ ಗೋದಾಮಿನಲ್ಲಿ ಗುಮಾಸ್ತ. ಮದುವೆಯಾದ ನಲವತ್ತನೆಯ ದಿನಕ್ಕೆ ಹಡಗು ಹತ್ತಿದವನು ಯುದ್ಧದಿಂದಾಗಿ ಅಲ್ಲೇ ಸಿಕ್ಕಿಬಿದ್ದಿದ್ದ. ಮನೆಯಲ್ಲಿ ಪಾರ್ಶ್ವವಾಯು ಬಡಿದು ಮಲಗಿದ ಅಮ್ಮ, ಅವಳನ್ನು ಎತ್ತಿ ಇಳಿಸಿ ನೋಡಿಕೊಳ್ಳುವ ಅತ್ತಿಗೆ, ಮತ್ತೆ ನಾನು — ನಾಲ್ಕಕ್ಷರ ಇಂಗ್ಲಿಷ್ ಬರುತ್ತದೆಂದು ನೆಲಕ್ಕೆ ಕಾಲು ತಾಗಿಸದವಳು.

ಅಣ್ಣನ ಕಾಗದ ಬಂತು. ಹೆಂಡತಿಯನ್ನು ಕರೆಸಿಕೊಳ್ಳುತ್ತೇನೆ, ಪಾಸ್‌ಪೋರ್ಟು, ಪರವಾನಗಿ ಎಲ್ಲ ಮಾಡಿಸಿಕೊಡುವವರು ಕುಂದಾಪುರದಲ್ಲಿ ಒಬ್ಬರು, ಬ್ರಹ್ಮಾವರದಲ್ಲಿ ಒಬ್ಬರು ಇದ್ದಾರಂತೆ, ಗಿರಿಜಾ, ನೀನೇ ವಿಚಾರಿಸಿ ಒಬ್ಬರನ್ನು ಆರಿಸು. ಅದೇ ವಾರ ನನಗೂ ಒಂದು ಕಾಗದ — ಮಂಗಳೂರಿನಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು. ಅತ್ತಿಗೆ ಹೋದರೆ ಅಮ್ಮನ ಹತ್ತಿರ ಯಾರು? ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಉತ್ತರ ಎಲ್ಲರಿಗೂ ಗೊತ್ತಿತ್ತು.

ದೋಣಿಯಲ್ಲಿ ಹೊಳೆ ದಾಟಿ, ಮೋಟಾರು ಹತ್ತಿ, ಇಬ್ಬರನ್ನೂ ಕಂಡು ಬಂದೆ. ಕುಂದಾಪುರದವರು ಚುರುಕು. “ಒಂದ್ ತಿಂಗ್ಳಂಗೆ ಆತ್ತ್ ಅಮ್ಮ. ಆದ್ರೆ ಅಧಿಕಾರಿ ಎದ್ರ್ ಗಂಡನ್ ಹೆಸ್ರ್ ಅವ್ರೇ ಬಾಯ್ಬಿಟ್ಟ್ ಹೇಳ್ಕ್. ಬೇರೆಯವ್ರ್ ಹೇಳೂಕಾಗ.” ಬ್ರಹ್ಮಾವರದವರು ನಿಧಾನದ ಮುದುಕರು, ಮಂಗಳೂರಿನ ಮೂಲಕ ಮಾಡಿಸುವವರು. “ನಮ್ದ್ ನಾಕ್ ತಿಂಗ್ಳ್ ಆತ್ತ್. ಆದ್ರೆ ಹೆಂಗ್ಸ್ರ್ ಬರೂದೇ ಬ್ಯಾಡ. ಶ್ಯಾನುಭೋಗ್ರ್ ಕೈಯಂಗೆ ಗಂಡನ್ ಹೆಸ್ರ್ ಬರ್ಸಿ ತನ್ನಿ, ಸಾಕ್.” ಅಷ್ಟನ್ನೂ ಕನ್ನಡದಲ್ಲಿ, ದುಂಡಗೆ, ಒಂದು ಚೀಟಿಯಲ್ಲಿ ಬರೆದುಕೊಟ್ಟರು.

ಅತ್ತಿಗೆ ಗಂಡನ ಹೆಸರು ಹೇಳುವವರಲ್ಲ. ಆ ಕಾಲದಲ್ಲಿ ಯಾವ ಹೆಂಗಸು ಹೇಳುತ್ತಿದ್ದಳು? ಹೇಳಿದರೆ ಗಂಡನ ಆಯುಷ್ಯ ಕಡಿಮೆ ಎಂಬ ಹೆದರಿಕೆ. ಅತ್ತಿಗೆ ಇನ್ನೂ ಒಂದು ಕೈ ಮೇಲೆ — ಅಣ್ಣನದೂ ಅದೇ ಹೆಸರೆಂದು ವಿನಾಯಕ ದೇವರನ್ನೂ ‘ಹಟ್ಟಿಯಂಗಡಿ ದೇವ್ರು’ ಎಂದೇ ಕರೆಯುವವರು. ಎಲ್ಲ ತಿಳಿದೂ ಮನೆಗೆ ಬಂದು ಹೇಳಿದೆ: “ಕುಂದಾಪ್ರದವ್ರೇ ಅಡ್ಡಿಲ್ಲೆ ಅತ್ತಿಗೆ. ಬೇಗ ಆತ್ತ್.” ಹೆಸರಿನ ಸುದ್ದಿ ಎತ್ತಲೇ ಇಲ್ಲ.

“ನೀ ಓದ್ದೋಳ್ ಮಾರಾಯ್ತಿ, ನೀ ಹೇಳಿರೆ ಸಮ” ಎಂದರು ಅತ್ತಿಗೆ. ನಂಬಿಸಿ ಕುತ್ತಿಗೆ ಕೊಯ್ಯುವುದು ಎನ್ನುತ್ತಾರಲ್ಲ, ಅದು ಇದೇ.

ಕುಂದಾಪುರದ ಕಚೇರಿಯಲ್ಲಿ ನಾನು ಬಾಗಿಲ ಹೊರಗಿನ ಬೆಂಚಿನ ಮೇಲಿದ್ದೆ. ಒಳಗೆ ಅಧಿಕಾರಿ, ಪರವೂರಿನವರು, ಕೇಳಿದರು — ಗಂಡನ ಹೆಸರೇನು? ಮತ್ತೆ ಕೇಳಿದರು. “ಹಟ್ಟಿಯಂಗಡಿ ದೇವ್ರ್ ಹೆಸ್ರೇ ಇವ್ರ್ದ್…” ಅತ್ತಿಗೆಯ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಅವರಿಗೆ ಹಟ್ಟಿಯಂಗಡಿ ಎಲ್ಲಿಯದೋ, ಅಲ್ಲಿಯ ದೇವರು ಯಾರೋ! ಮೂರನೆಯ ಸಲ ಕೇಳಿ ಕಾಗದ ಮಡಚಿಟ್ಟರು. ನಾನು ಎದ್ದು ಒಳಗೆ ಹೋಗಿ — ಇಲ್ಲ, ನಾನು ಏಳಲಿಲ್ಲ.

ತಿರುಗಿ ಬರುವಾಗ ದೋಣಿಯಲ್ಲಿ ಅತ್ತಿಗೆ ಸೆರಗಿನ ತುದಿ ಕಚ್ಚಿಕೊಂಡು ಕುಳಿತಿದ್ದರು. ಗಂಗೊಳ್ಳಿ ಹೊಳೆಯ ನಡುವೆ ಬಂದಾಗ ಮೆಲ್ಲಗೆ ಕೇಳಿದರು: “ಬಾಯೇ ಬರ್ಲಿಲ್ಲೆ ಹೆಣ್ಣೇ. ಇವ್ರಿಗೆ ಎಂತಾರೂ ಆರೆ? ಬ್ರಹ್ಮಾವರದವ್ರ್ ಹತ್ರ ಬೇರೆ ದಾರಿ ಇತ್ತಾ?”

ಚೀಟಿ ನನ್ನ ಕೈಚೀಲದಲ್ಲೇ ಇತ್ತು.

“ಇಲ್ಲೆ” ಎಂದೆ.

ಅಷ್ಟೇ. ನಾನು ಮಂಗಳೂರಿಗೆ ಹೋದೆ; ನನ್ನ ಟ್ರಂಕು ತುಂಬಿ, ಉಪ್ಪಿನಕಾಯಿ ಕಟ್ಟಿಕೊಟ್ಟವರು ಅತ್ತಿಗೆಯೇ. ಅಮ್ಮ ಕಣ್ಣು ಮುಚ್ಚಿದ್ದು ಅವರ ಮಡಿಲಲ್ಲೇ. ಅಷ್ಟರಲ್ಲಿ ಮೊಂಬಾಸಾ ಕಡೆಯ ಕಾನೂನು ಬಿಗಿಯಾಯಿತು. ಅಣ್ಣ ಊರಿಗೆ ಬಂದದ್ದು ಕಾಯಿಲೆ ಹಿಡಿದ ಮೇಲೆ, ಮೂರು ತಿಂಗಳಿದ್ದ. ಮೊದಲಿನ ನಲವತ್ತು ದಿನ, ಕೊನೆಯ ಮೂರು ತಿಂಗಳು — ಅತ್ತಿಗೆಯ ಸಂಸಾರ ಅಷ್ಟು. ಹೆಸರು ಹೇಳದೆ ಕಾಯ್ದುಕೊಂಡ ಆಯುಷ್ಯ, ಅಯ್ಯೋ ದೇವರೇ, ಅವರಿಗೆ ಸಿಕ್ಕಿದ್ದು ಎಷ್ಟು!

ಹತ್ತೊಂಬತ್ತರ ಹುಡುಗಿ, ತಿಳಿಯದೆ ಮಾಡಿದೆ ಎನ್ನಬಹುದಿತ್ತು. ತಿಳಿದೇ ಮಾಡಿದೆ. ಮತ್ತು ಓದಿದೆ, ಕೆಲಸ ಮಾಡಿದೆ, ಸುಖವಾಗಿಯೂ ಇದ್ದೆ — ಅದನ್ನೂ ಹೇಳಬೇಕು.

ಈಗ ನಾವಿಬ್ಬರೂ ಒಂದೇ ಮನೆಯಲ್ಲಿ. “ನಂಗೂ ನಾಕ್ ಅಕ್ಷರ ಕಲ್ಸ್ ಮಾರಾಯ್ತಿ” ಎಂದು ಎಷ್ಟು ಸಲ ಕೇಳಿಲ್ಲ ಅವರು! ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದವಳು ಅವರಿಗೆ ಮಾತ್ರ ‘ನಾಳೆ’ ಎನ್ನುತ್ತ ಬಂದೆ. ಆ ಚೀಟಿಯನ್ನು ಹರಿಯಲು ನನಗೆ ಕೈ ಬಂದಿಲ್ಲ, ಟ್ರಂಕಿನ ತಳದಲ್ಲಿದೆ. ನನ್ನ ಸೀರೆ ಮಡಚಿಡುವಾಗ ಪ್ರತಿ ವರ್ಷ ಅದು ಅತ್ತಿಗೆಯ ಕೈಗೆ ಸಿಗುತ್ತದೆ. “ಇದೆಂತ ಕಾಗ್ದ, ಬೇಕಾ?” ಎನ್ನುತ್ತಾರೆ. ಬೇಕು ಎನ್ನುತ್ತೇನೆ. ಜೋಪಾನವಾಗಿ ಅಲ್ಲೇ ಇಡುತ್ತಾರೆ.

ಇವತ್ತು ಊಟವಾದ ಮೇಲೆ ಅವರನ್ನು ಜಗಲಿಯಲ್ಲಿ ಕೂರಿಸಿ ಓದಿ ಹೇಳುತ್ತೇನೆ. ಮೊದಲು ಚೀಟಿ, ಆಮೇಲೆ ನಾನು ಬರೆದ ಇದು. ಚೀಟಿ ಹೊರಗೆ ತೆಗೆದಾಗಿದೆ. ಅಡುಗೆಮನೆಯಿಂದ ಕರೆಯುತ್ತಿದ್ದಾರೆ — “ಹ್ವಾಯ್, ಗಂಜಿ ಆರಿ ಹೋತ್ತ್, ಬಾ.”