ಡಬ್ಬಿಯೊಳಗೆ ಕೈಮುಗಿದು ನಿಂತವರು

“ಆಂಟಿ, ಅದು ಅದರ ತಮ್ಮನನ್ನು ತಿಂತಾ ಉಂಟಾ?”

ಕಳೆದ ಆದಿತ್ಯವಾರ ಸಂಜೆ ಮೂವತ್ತು ಜನ ತುಂಬಿದ್ದ ನನ್ನ ಮನೆಯ ಹಾಲಿನಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಹೀಗೆ ಕೇಳಿದಳು. ಅವಳ ಕೈಯಲ್ಲಿ ಅರ್ಧ ತಿಂದ ಕಟ್ಲೆಟ್. ಕಣ್ಣು ಟೀಪಾಯಿ ಮೇಲಿದ್ದ ಪ್ಲಾಸ್ಟಿಕ್ ಡಬ್ಬಿಯ ಕಡೆಗೆ. ನಾನು ಬಗ್ಗಿ ನೋಡಿದೆ.

ಹೌದು. ತಿನ್ನುತ್ತಿತ್ತು.

ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. (ಗಂಡ ಒಪ್ಪುವುದಿಲ್ಲ. “ಬಂಗುಡೆ ಮೀನು ಇದ್ದ ದಿನ ಸೇರಿತ್ತಲ್ಲ?” ಎನ್ನುತ್ತಾನೆ. ಅವನ ಮಾತು ಬಿಡಿ.)

ಮೊದಲಿನಿಂದ ಹೇಳುತ್ತೇನೆ. ಜೆಪ್ಪುವಿನಲ್ಲಿರುವ ಐರಿನ್ ಮಾವ್ಶಿ ನನ್ನ ಅಮ್ಮನ ತಂಗಿ. ಕುವೈತಿನಲ್ಲಿ ಇಪ್ಪತ್ತೆಂಟು ವರ್ಷ ನರ್ಸ್ ಆಗಿದ್ದವರು, ಅದರಲ್ಲೂ ಹೆಚ್ಚಿನ ಕಾಲ ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳ ವಾರ್ಡಿನಲ್ಲಿ. ಕೈಯಲ್ಲಿ ಹಿಡಿದರೆ ಕಾಣದಷ್ಟು ಸಣ್ಣ ಮಕ್ಕಳನ್ನು ಬದುಕಿಸಿದವರು. ರಿಟೈರ್ ಆಗಿ ಬಂದ ಮೇಲೆ ಆ ಪ್ರೀತಿಯೆಲ್ಲ ಕಂಪೌಂಡಿನೊಳಗಿನ ದಾಸವಾಳ, ಬಸಳೆ, ಬೆಂಡೆಯ ಮೇಲೆ. ಗಿಡದ ಮೇಲೆ ಬರುವ ಹುಳಗಳ ಮೇಲೂ.

ಮುಖ್ಯವಾಗಿ ಸೂರ್ಯನ ಕುದುರೆಯ ಮೇಲೆ. ನೀವು ನೋಡಿದ್ದೀರಿ. ಹಸಿರು ಮೈ, ಮೂರು ಮೂಲೆಯ ತಲೆ, ಮುಂದಿನ ಎರಡು ಕಾಲನ್ನು ಕೈಮುಗಿದಂತೆ ಹಿಡಿದು ನಿಂತಿರುತ್ತದಲ್ಲ, ಪ್ರೇಯಿಂಗ್ ಮ್ಯಾಂಟಿಸ್, ಅದು. ಮೊದಲೆಲ್ಲ ಮಾವ್ಶಿಯ ಕಂಪೌಂಡಿನಲ್ಲಿ ಬೇಕಾದಷ್ಟಿದ್ದವು. ಪಕ್ಕದ ಮನೆಯವರು ಸೊಳ್ಳೆಗೆಂದು ವಾರಕ್ಕೊಮ್ಮೆ ಮದ್ದು ಹೊಡೆಸಲು ಶುರು ಮಾಡಿದ ಮೇಲೆ ಒಂದೊಂದಾಗಿ ಕಾಣೆಯಾದವು. ಈ ವರ್ಷ ಒಂದೇ ಒಂದು ಕಂಡಿತಂತೆ. ಅದು ಮೊಟ್ಟೆ ಇಟ್ಟದ್ದು ಎಲ್ಲಿ? ಗೇಟಿನ ಸರಳಿನ ಮೇಲೆ. ಮರುದಿನ ಪೇಂಟಿಂಗಿನವರು ಬರುವವರಿದ್ದರು!

ಮಾವ್ಶಿ ಬ್ಲೇಡು ತಂದು ಆ ಮೊಟ್ಟೆಗೂಡನ್ನು ನಯವಾಗಿ ಬಿಡಿಸಿದರು. ನೆಲಗಡಲೆಯಷ್ಟು ಗಾತ್ರ, ಒಣಗಿದ ಸೋಪಿನ ನೊರೆಯ ಹಾಗೆ. ಅದರ ಅಂಚಿಗೆ ಸೂಜಿ ದಾರ ಹಾಕಿ, ಹಳೆಯ ನೆಟ್ ಕರ್ಟನ್ನಿನ ತುಂಡಿಗೆ ಹೊಲಿದು, ಆ ತುಂಡನ್ನು ಬೇಕರಿಯ ದೊಡ್ಡ ಡಬ್ಬಿಯ ಬಾಯಿಗೆ ಕಟ್ಟಿದರು. ಗೂಡು ಒಳಗೆ ತೂಗಾಡುತ್ತಿತ್ತು.

ಅಷ್ಟರಲ್ಲಿ ಮುಂಬೈಯಲ್ಲಿ ಅವರು ಜ್ಞಾನಸ್ನಾನದ ತಾಯಿ (ಗಾಡ್‌ಮದರ್) ಆಗಿದ್ದ ಹುಡುಗಿಯ ಮದುವೆ. ಎರಡು-ಮೂರು ವಾರ ಹೋಗಲೇಬೇಕು. ಡಬ್ಬಿ ನಮ್ಮ ಬಿಜೈ ಫ್ಲಾಟಿಗೆ ಬಂತು. ಜೊತೆಗೆ ಡ್ಯೂಟಿಯ ವಿವರವೂ. (ನಾವು ಮಾತಾಡಿದ್ದು ಕೊಂಕಣಿಯಲ್ಲಿ. ನಿಮಗೋಸ್ಕರ ಕನ್ನಡ.)

“ದಿನಕ್ಕೆ ಎರಡು ಸಲ ಬಟ್ಟೆಗೆ ನೀರು ಚಿಮುಕಿಸು. ಸುರಿಯಬೇಡ, ಚಿಮುಕಿಸು. ಡಬ್ಬಿ ನೀರಿನ ತಟ್ಟೆಯಲ್ಲಿ ಇರಲಿ, ಇರುವೆ ಹತ್ತಿದ್ರೆ ಮುಗೀತು. ಮರಿಗಳು ತಲೆ ಕೆಳಗಾಗಿ ಇಳಿಯುತ್ತವೆ, ಆಗ ಅಲ್ಲಾಡಿಸಬೇಡ. ಹೊರಗೆ ಬಂದ ಮರುದಿನ ಜೆಪ್ಪುವಿಗೆ ತಂದು ಬಿಡು, ಒಂದು ಗಿಡಕ್ಕೆ ಎರಡೋ ಮೂರೋ. ಅಲ್ಲಿವರೆಗೆ ಇದು ಅವುಗಳ ಫೀಡ್.”

ಫೀಡ್ ಅಂದರೆ ಇನ್ನೊಂದು ಬಾಟಲಿ. ಒಳಗೆ ಕೊಳೆತ ಬಾಳೆಹಣ್ಣು, ಅದರ ಮೇಲೆ ಸಾಸಿವೆಗಿಂತ ಸಣ್ಣ ನೊಣಗಳ ಗುಂಪು. ಬಟ್ಟೆಯ ಸಂದಿನಿಂದ ಸ್ವಲ್ಪ ಸ್ವಲ್ಪ ನೊಣ ಒಳಗೆ ಬಿಡಬೇಕಂತೆ. ಮುಖ ಗಂಟು ಹಾಕಿದೆ, ಆದರೆ ಒಪ್ಪಿದೆ. ಡಬ್ಬಿಗೆ ಒಂದು ಹಾಳೆ ಅಂಟಿಸಿದ್ದರು. ಗೆರೆ ಎಳೆದು ಮೂರು ಕಾಲಂ: ದಿನ, ನೀರು, ಫೀಡ್. ನರ್ಸ್ ಅಲ್ಲವೇ?

ಒಂಬತ್ತು ದಿನ ಏನೂ ಆಗಲಿಲ್ಲ. ಹತ್ತನೆಯ ದಿನ, ಬುಧವಾರ ಬೆಳಿಗ್ಗೆ ನೀರು ಚಿಮುಕಿಸಲು ಹೋದವಳು ಹಾಗೇ ನಿಂತುಬಿಟ್ಟೆ. ಗೂಡಿನಿಂದ ಏನೋ ಹಳದಿ ಹಳದಿ ಸುರಿಯುತ್ತಿತ್ತು. ಕಣ್ಣು ಹತ್ತಿರ ತಂದರೆ, ಮರಿಗಳು! ಎಳೆಯಷ್ಟು ಸಪೂರ ದಾರಕ್ಕೆ ಜೋತುಬಿದ್ದು, ಒಂದರ ಮೇಲೊಂದು ಇಳಿಯುತ್ತಿದ್ದವು. ಅರ್ಧ ಗಂಟೆಯಲ್ಲಿ ಡಬ್ಬಿಯ ತುಂಬ ಅವೇ. ಎಣಿಸಲು ನೋಡಿದೆ, ತೊಂಬತ್ತರ ನಂತರ ತಪ್ಪಿತು. ಎಲ್ಲವೂ ಹುಟ್ಟುತ್ತಲೇ ಕೈಮುಗಿದು ನಿಂತಿದ್ದವು. ನನಗೆ ಅಳು ಬಂತು. ಸುಳ್ಳಲ್ಲ.

ಗುರುವಾರ ಜೆಪ್ಪುವಿಗೆ ಒಯ್ಯಬೇಕಿತ್ತು. ಒಯ್ಯಲಿಲ್ಲ.

ಯಾಕೆ? ಆದಿತ್ಯವಾರ ನಮ್ಮ ಮನೆಯಲ್ಲಿ ತೇರ್ಸ್ ಇತ್ತು. ಅಕ್ಟೋಬರಿನಲ್ಲಿ ನಮ್ಮ ವಾರ್ಡಿನ ಕ್ರಿಶ್ಚಿಯನ್ನರೆಲ್ಲ ದಿನಕ್ಕೊಬ್ಬರ ಮನೆಯಲ್ಲಿ ಸೇರಿ ಜಪಮಾಲೆ ಹೇಳುತ್ತೇವೆ. ಪ್ರಾರ್ಥನೆಗೆ ಬಂದವರಿಗೆ ಪ್ರಾರ್ಥಿಸುತ್ತಾ ಹುಟ್ಟಿದ ಮರಿಗಳನ್ನು ತೋರಿಸಿದರೆ ಹೇಗಿರುತ್ತದೆ! ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ. ಈ ಅಂಕಣಕ್ಕೆ ಒಳ್ಳೆಯ ಫೋಟೊ ಬೇಕಿತ್ತು. ನೀವು ಓಹ್ ಎನ್ನಬೇಕಿತ್ತು.

ಶುಕ್ರವಾರ ಎದುರು ಫ್ಲಾಟಿನ ರಮ್ಲಾ ಬಂದಳು. ಬಂದರಿನಲ್ಲಿ ಅವರದ್ದು ಚಪ್ಪಲಿ ಅಂಗಡಿ. ನಮ್ಮಿಬ್ಬರ ಮಧ್ಯೆ ಮೀನು ಸಾರಿನಿಂದ ಹಿಡಿದು ಗ್ಯಾಸ್ ಸಿಲಿಂಡರಿನವರೆಗೆ ಎಲ್ಲದರ ಕೊಡು-ಕೊಳ್ಳುವಿಕೆ ಉಂಟು. ಡಬ್ಬಿ ನೋಡಿ ಮೂಗಿನ ಮೇಲೆ ಬೆರಳಿಟ್ಟಳು.

“ಇನ್ನೂ ಬಿಡ್ಲಿಲ್ವಾ? ಮಾವ್ಶಿ ಮರುದಿನವೇ ಬಿಡ್ಲಿಕ್ಕೆ ಹೇಳಿದ್ದಲ್ವಾ ಮಾರಾಯ್ತಿ?”

“ಆದಿತ್ಯವಾರದವರೆಗೆ ಮಾತ್ರ. ಎಂತ ಆಗ್ತದೆ ಎರಡು ದಿನದಲ್ಲಿ?”

“ನನಗೆ ಎಂತ ಗೊತ್ತು? ಪಾಪ, ಜಾಗ ಸಾಕಾಗುದಿಲ್ಲ ಅಂತ ಕಾಣ್ತದೆ” ಎಂದಳು. ನಾನು ಮಾತು ಬದಲಾಯಿಸಿದೆ.

ಶನಿವಾರ ಮನೆಯ ಸ್ವಚ್ಛತೆ. ಫ್ಯಾನು ಒರೆಸಿದೆ, ಕರ್ಟನ್ ಬದಲಿಸಿದೆ, ಪೀಠದ ಮೇಲಿನ ಮಾತೆಯ ಪ್ರತಿಮೆಯ ಕೆಳಗೆ ಹೊಸ ಲೇಸ್ ಹಾಸಿದೆ. ಆಗ ಕಣ್ಣಿಗೆ ಬಿದ್ದದ್ದು ಆ ಬಾಳೆಹಣ್ಣಿನ ಬಾಟಲಿ. ಥೂ! ವಾರ್ಡಿನವರೆಲ್ಲ ಬರುವಾಗ ಮನೆಯಲ್ಲಿ ನೊಣ? ಅವರಲ್ಲೂ ಲಿಲ್ಲಿಬಾಯಿ ಒಂದು ನೊಣ ಕಂಡರೆ ಕ್ರಿಸ್ಮಸ್ಸಿನವರೆಗೆ ಹೇಳಿಕೊಂಡು ತಿರುಗುತ್ತಾರೆ. ಹಣ್ಣನ್ನು ಕಸಕ್ಕೆ ಹಾಕಿ, ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು ಫಳಫಳ ಹೊಳೆಯುವ ಹಾಗೆ ಇಟ್ಟೆ. ಸಂಜೆ ಡಬ್ಬಿಯಲ್ಲಿ ಮರಿಗಳು ಕಡಿಮೆ ಕಂಡವು. ಗೂಡಿನ ಹಿಂದೆ ಅಡಗಿರಬೇಕು ಅಂದುಕೊಂಡೆ. ನೀರಿನ ಕಾಲಮ್ಮಿಗೆ ತಪ್ಪದೆ ಟಿಕ್ ಹಾಕಿದೆ.

ಆದಿತ್ಯವಾರ ತೇರ್ಸ್ ಚೆನ್ನಾಗಿ ಆಯಿತು. ಕೊನೆಯ ಹಾಡು ಮುಗಿಯಿತು. ಕಟ್ಲೆಟ್, ಪತ್ರೊಡೆ, ಕೇಕು, ಚಹಾ. ಎಲ್ಲರ ಕೈಗೂ ತಟ್ಟೆ ಬಂದ ಮೇಲೆ ನಾನು ಡಬ್ಬಿಯ ಮೇಲಿನ ಟವೆಲ್ಲನ್ನು ಸರ್ರನೆ ಎಳೆದೆ. ಸಣ್ಣ ಭಾಷಣವೂ ತಯಾರಿತ್ತು. “ನೋಡಿ, ಯಾರೂ ಕಲಿಸದೆ ಕೈಮುಗಿಯುವ ಮಕ್ಕಳು ಇವು...”

ಅಷ್ಟರಲ್ಲಿ ಆ ಹುಡುಗಿಯ ಪ್ರಶ್ನೆ.

ಲಿಲ್ಲಿಬಾಯಿ ಕನ್ನಡಕ ಸರಿಮಾಡಿಕೊಂಡು ಮೊಬೈಲಿನ ಟಾರ್ಚ್ ಹಾಕಿದರು. “ಜೆಜು, ಯೇಸುವೇ! ಜೆಸ್ಸಿ, ಇದು ಪ್ರಾರ್ಥನೆ ಅಲ್ಲ ಮಾರಾಯ್ತಿ, ಇಲ್ಲಿ ನೋಡು!”

ನೋಡಿದೆ. ಮುಗಿದ ಕೈಗಳ ನಡುವೆ ಇನ್ನೊಂದು ಮರಿ. ತಲೆ ಆಗಲೇ ಇರಲಿಲ್ಲ, ಕಾಲು ಮಾತ್ರ ಅಲುಗುತ್ತಿತ್ತು. ಆಚೆ ಬದಿಯಲ್ಲಿ ಇನ್ನೆರಡು ಅದೇ ಕೆಲಸದಲ್ಲಿದ್ದವು. ಡಬ್ಬಿಯ ತಳದಲ್ಲಿ ಕಸದ ಹಾಗೆ ಬಿದ್ದಿದ್ದದ್ದು ಸಪೂರ ಕಾಲುಗಳು. ಯಾರೋ ತಟ್ಟೆ ಕೆಳಗಿಟ್ಟ ಸದ್ದು ಕೇಳಿತು. ಐದು ನಿಮಿಷದಲ್ಲಿ ಮನೆ ಖಾಲಿ.

ಆಗಲೇ ರಮ್ಲಾಳನ್ನು ಕರೆದುಕೊಂಡು ರಿಕ್ಷಾ ಹತ್ತಿದೆ. ಡಬ್ಬಿ ಅವಳ ಮಡಿಲಲ್ಲಿ. “ನಾನು ಹೇಳಿದ್ದೆ” ಎಂದು ಅವಳು ಒಮ್ಮೆಯೂ ಅನ್ನಲಿಲ್ಲ. ಮಾವ್ಶಿಯ ಕಂಪೌಂಡಿನಲ್ಲಿ ಟಾರ್ಚ್ ಹಿಡಿದು ಒಂದೊಂದನ್ನೇ ಪೇಂಟಿಂಗ್ ಬ್ರಷ್ಷಿನ ತುದಿಯಿಂದ ಗಿಡಗಳಿಗೆ ದಾಟಿಸಿದೆವು. ಈ ಸಲ ಎಣಿಕೆ ತಪ್ಪಲಿಲ್ಲ. ಇಪ್ಪತ್ತಮೂರು.

ಕ್ರೂರ ಹುಳ ಎಂದು ಬರೆದುಬಿಡಬಹುದಿತ್ತು. ಬರೆಯಲು ಕೂತೂ ಇದ್ದೆ. ಆಗ ನನ್ನ ಮಗಳ ನೆನಪು ಬಂತು. ಅವಳಿಗೆ ನಾಲ್ಕು ವರ್ಷವಿದ್ದಾಗ ಮನೆಗೆ ಯಾರೇ ಬರಲಿ, ಮೊದಲು ರೈಮ್ಸ್, ಆಮೇಲೆ ಬಿಸ್ಕೆಟ್. ಒಂದು ದಿನ ಹಸಿವಾಗಿ, ಅಳುತ್ತಾ, ಮೂರು ರೈಮ್ಸ್ ಹೇಳಿದ್ದಳು. ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಈಗಲೂ ಎಷ್ಟು ಮನೆಗಳಲ್ಲಿ ಕೂಸು ಕಣ್ಣು ಬಿಡುವ ಮೊದಲು ಅದರ ಫೋಟೊ ಸ್ಟೇಟಸ್ಸಿಗೆ ಹೋಗುವುದಿಲ್ಲ? ಬರ್ತ್‌ಡೇ ಪಾರ್ಟಿಯಲ್ಲಿ ಫೋಟೊಗ್ರಾಫರ್ ಬರುವವರೆಗೆ ಕೇಕ್ ಮುಟ್ಟಲು ಬಿಡದೆ ಎಷ್ಟು ಮಕ್ಕಳನ್ನು ಕಾಯಿಸುವುದಿಲ್ಲ? ನನಗೆ ನಾಚಿಕೆಯಾಯಿತು. ಬರೆದದ್ದನ್ನು ಹರಿದೆ.

ಗುರುವಾರ ಮಾವ್ಶಿ ಬಂದರು. ರೋಸ್‌ಕುಕ್ಕಿಯ ಪೊಟ್ಟಣ ನನ್ನ ಕೈಗಿತ್ತು ಮೊದಲು ಕೇಳಿದ್ದು “ಡಬ್ಬಿ ಎಲ್ಲಿ?” ಎಂದು. ನಾನು ಎಲ್ಲ ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆ.

ಅವರು ಕನ್ನಡಕ ಹಾಕಿಕೊಂಡು ಡಬ್ಬಿಗೆ ಅಂಟಿಸಿದ್ದ ಹಾಳೆಯನ್ನು ಓದಿದರು, ಆಸ್ಪತ್ರೆಯ ವಾರ್ಡಿನಲ್ಲಿ ಶಿಫ್ಟ್ ಬದಲಾಗುವಾಗ ಓದುತ್ತಿದ್ದಿರಬೇಕಲ್ಲ, ಹಾಗೆ. ನೀರಿನ ಕಾಲಂ ತುಂಬ ಟಿಕ್. ಫೀಡ್ ಕಾಲಮ್ಮಿನಲ್ಲಿ ಬೆರಳು ಇಳಿಯುತ್ತಾ ಬಂದು ಶನಿವಾರದ ಹತ್ತಿರ ನಿಂತಿತು. ಶನಿವಾರ ಖಾಲಿ. ಆದಿತ್ಯವಾರ ಖಾಲಿ. ಪಕ್ಕದಲ್ಲೇ ತೊಳೆದಿಟ್ಟ ಬಾಟಲಿ ಹೊಳೆಯುತ್ತಿತ್ತು.

“ಆದಿತ್ಯವಾರ ಮೂವತ್ತು ಜನಕ್ಕೆ ಕಟ್ಲೆಟ್ ಮಾಡಿದ್ದಿ ಅಲ್ವಾ ಜೆಸ್ಸಿ?” ಎಂದರು ಮಾವ್ಶಿ ಮೆಲ್ಲಗೆ. “ಮನೆಯಲ್ಲೇ ಇದ್ದವಕ್ಕೆ ಎಂತ ಕೊಟ್ಟಿದ್ದಿ?”